ತೊಟ್ಟು ಮುರಿದ ಎಲೆ

ಎರಡೂ ಎಲೆ ಹಸಿರಾಗಿ ಹೊಳೆಯುತ್ತಿದ್ದವು. ಒಂದು ಹೊಳೆದು ಇನ್ನೊಂದು ಕತ್ತಲಾಗಿರಬೇಕಿತ್ತು. ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದ ತನುಜಾಗೆ ತಾನು ಎಲೆಗೆ ಹಾಕಿದ್ದ ಬಣ್ಣದ ಮೇಲೆ ಮಾತ್ರ ಅನುಮಾನ ಬರಲಿಲ್ಲ.

ಕಾಫಿ ರೋಗದ ಸಂಶೋಧನೆಗೆಂದು ಹೆತ್ತೂರಿಗೆ ಬಂದಿದ್ದ ಅವಳು ಎಸ್ಟೇಟಿನ ಸ್ಟೋರಿನ ಕಿಟಕಿಗೆ ಗೋಣಿಚೀಲ ಕಟ್ಟಿ ಕತ್ತಲೆ ಮಾಡಿಕೊಂಡಿದ್ದಳು. ತೋಟದಂಚಿನ ಒಂದು ಹಳೇ ಗಿಡಕ್ಕೆ ಮಾತ್ರ ಎಲೆತುಕ್ಕು ರೋಗ ಹತ್ತುವುದಿಲ್ಲವೆಂದು ಮೊದಲು ಕಂಡವಳು ಕೂಲಿಯವರ ಲೈನ್ ಮನೆಯ ಭೂತಮ್ಮ. ಈಗ ಆ ಗಿಡವಿದ್ದ ಸಾಲನ್ನೇ ಕಿತ್ತು ಹೊಸ ಸಸಿ ನೆಡಲು ಆಳುಗಳು ಗುದ್ದಲಿ ಹಿಡಿದು ಕಾದಿದ್ದರು. ರೋಗದ ವಿರುದ್ಧ ತಿರುಗಿ ಬೀಳುವ ಗಿಡವಾದರೆ, ತುಕ್ಕು ತಗುಲಿದಾಗ ಅದರ ಜೀವಕೋಶಗಳೊಳಗೆ ಆಮ್ಲಜನಕ ಕೆರಳುತ್ತದೆ. ಅದು ತಾಗಿದರೆ ತನುಜಾ ಎಲೆಗೆ ಹಾಕುವ ಬಣ್ಣ ಹಸಿರಾಗಿ ಹೊಳೆಯುತ್ತದೆ. ಹಳೇ ಗಿಡಕ್ಕೂ ಪಕ್ಕದ್ದಕ್ಕೂ ಮೊನ್ನೆ ಅವಳೇ ರೋಗ ಹಚ್ಚುವ ಎಲೆತುಕ್ಕಿನ ಪುಡಿ ಉದುರಿಸಿದ್ದಳು. ಇವತ್ತು ತಾನು ಬಣ್ಣ ಬೆರೆಸುತ್ತ ಕೂತು, ಎಲೆ ತರಲು ಭೂತಮ್ಮನನ್ನು ಕಳಿಸಿದ್ದಳು.

"ಎರಡೂ ಒಂದೇ ಥರ ಐತೆ ಅಂದ್ಮೇಲೆ ಇನ್ನೇನು ಕಣಮ್ಮ," ಎಂದರು ಪಕ್ಕದಲ್ಲೇ ನಿಂತಿದ್ದ ಎಸ್ಟೇಟಿನ ಯಜಮಾನ ಪರಮಶಿವಯ್ಯ. "ಕೀಳಿಸ್ಬುಡ್ತೀನಿ."

ತನುಜಾ ಮಿಕ್ಕ ಎಲೆಗಳನ್ನು ಕೈಗೆತ್ತಿಕೊಂಡಳು. ಒಂದಕ್ಕೂ ತೊಟ್ಟಿರಲಿಲ್ಲ, ಒಂದರ ಮೇಲೂ ಧೂಳಿರಲಿಲ್ಲ.

"ಭೂತಮ್ಮ, ಇವನ್ನ ಹೇಗೆ ತಂದ್ರಿ?"

"ದೊಡ್ಡೋರ ಕೈಗೆ ಎಲೆ ಹಂಗೇ ಕೊಡ್ತಾರಾ ಅಮ್ಮೋರೆ? ತೊಟ್ಟು ಮುರಿದು, ಸೆರಗಲ್ಲಿ ಚೆನ್ನಾಗಿ ತಿಕ್ಕಿ ತಂದೆ."

ವೀಳ್ಯದೆಲೆಯ ಮರ್ಯಾದೆ ಕಾಫಿ ಎಲೆಗೂ ಸಂದಿತ್ತು. ತನುಜಾಗೆ ನಗು ತಡೆಯಲಾಗಲಿಲ್ಲ. "ತಿಕ್ಕಿದ್ರೆ ಎಲೆಗೆ ನೋವಾಗುತ್ತೆ. ರೋಗದ ಜೊತೆ ಕಾದಾಡದಿದ್ರೂ, ಆ ನೋವಿಗೇ ಈ ಬಣ್ಣ ಹೊಳೆಯುತ್ತೆ. ಯಜಮಾನ್ರೇ, ಇನ್ನೊಂದು ಗಂಟೆ ಕೊಡಿ. ಆಮೇಲೆ ನೀವೇ ನೋಡಿ ಹೇಳಿ."

ಈ ಸಲ ಅವಳೇ ಹೋಗಿ, ಎಲೆ ಮುಟ್ಟದೆ ರೆಂಬೆಗಳನ್ನೇ ಕತ್ತರಿಸಿ ಒದ್ದೆ ಬಟ್ಟೆಯಲ್ಲಿಟ್ಟು ತಂದಳು. ಗಂಟೆ ಕಳೆದ ಮೇಲೆ ಪರಮಶಿವಯ್ಯ ಕನ್ನಡಕ ತೆಗೆದು ಬಗ್ಗಿದರು. ಪಕ್ಕದ ಗಿಡದ ಎಲೆಯಲ್ಲಿ ಬರೀ ಕತ್ತಲೆ. ಹಳೇ ಗಿಡದ್ದರಲ್ಲಿ ಪುಡಿ ಕೂತ ಕಡೆಯಲ್ಲೆಲ್ಲ ಒಂದೊಂದು ಹಸಿರು ಚುಕ್ಕಿ ಉರಿಯುತ್ತಿತ್ತು. ಅವರು ಎರಡನ್ನೂ ಮತ್ತೊಮ್ಮೆ ನೋಡಿದರು.

ಆಮೇಲೆ ಹೊರಗೆ ಹೋಗಿ ಆಳುಗಳಿಗೆ, "ಆ ಹಳೇ ಗಿಡ ಒಂದನ್ನ ಮುಟ್ಬ್ಯಾಡಿ ಕಣ್ರೋ," ಎಂದರು.

ಭೂತಮ್ಮ ಸ್ಟೋರಿನ ಮೆಟ್ಟಿಲ ಮೇಲೆ ಕೂತು ಎಲೆಯಡಿಕೆ ಚೀಲ ಬಿಚ್ಚಿದಳು. ಒಂದು ವೀಳ್ಯದೆಲೆ ತೆಗೆದು ತಿಕ್ಕಲು ಸೆರಗಿಗೆ ಒಯ್ದವಳು ಹಾಗೇ ಕೈ ನಿಲ್ಲಿಸಿದಳು. ಒಳಗೆ ತನುಜಾ ಇದ್ದ ಕಡೆ ಒಮ್ಮೆ ನೋಡಿ, ಎಲೆಯ ಮೇಲೆ ಮೆಲ್ಲಗೆ ಊದಿ, ತೊಟ್ಟು ಮುರಿಯದೆ ಸುಣ್ಣ ಸವರಿದಳು.