ಬುಲೇ ಹೊಳೆಯ ಸೇತುವೆಗೆ ಯಾರನ್ನು ಕೇಳಬೇಕು?

ಖಾಲಿ ಲಾರಿ ಬುಲೇ ಹೊಳೆಯ ಸೇತುವೆ ದಾಟಲು ಏನೂ ಖರ್ಚಿಲ್ಲ. ಆಲೂಗಡ್ಡೆ ತುಂಬಿದ ಲಾರಿಯಾದರೆ ಸೇತುವೆಯ ಪಕ್ಕದ ಹಲಗೆ ನೋಡಿ ಹಿಂದಕ್ಕೆ ತಿರುಗಬೇಕು. ಭಾರದ ಗಾಡಿಗಳಿಗೆ ಪ್ರವೇಶವಿಲ್ಲ. ಕೆರೆ ಸುತ್ತಿಕೊಂಡು ಹದಿನಾರು ಮೈಲಿ ಹೆಚ್ಚು ಹೋಗಬೇಕು. ಡೀಸೆಲ್‌ಗೆ ಹನ್ನೆರಡು ಡಾಲರ್. ಚಾಲಕನ ಸಮಯಕ್ಕೆ ಹದಿನೈದು. ಆ ದಾರಿಯಲ್ಲಿ ಒಂದು ಅಂಗಡಿಯಿದೆ, ಕಾಫಿ ಕುಡಿಯದೆ ಅದನ್ನು ದಾಟಿ ಹೋದ ಚಾಲಕ ಇನ್ನೂ ಹುಟ್ಟಿಲ್ಲ; ಅದಕ್ಕೆ ನಾಲ್ಕು. ಒಂದು ಲೋಡಿಗೆ ಮೂವತ್ತೊಂದು ಡಾಲರ್ ಹೀಗೆ ರಸ್ತೆಯಲ್ಲೇ ಸುರಿದುಹೋಗುತ್ತಿತ್ತು.

ಮೇನ್ ರಾಜ್ಯದ ಆಲೂಗಡ್ಡೆ ರೈತ ಫಿಲಿಯಾಸ್ ಲಿಜೋಟ್ ಈ ಲೆಕ್ಕವನ್ನು ಅಡುಗೆಮನೆಯ ಮೇಜಿನ ಮುಂದೆ ಕೂತು ಹೆಂಡತಿ ಕ್ಲಾರೀನ್‌ಗೆ ಒಪ್ಪಿಸುತ್ತಿದ್ದ. ಹೊಳೆಯಾಚೆಯ ನಲವತ್ತು ಎಕರೆ ಅವನ ಹೊಲಗಳಲ್ಲೇ ಒಳ್ಳೆಯದು. ಅಲ್ಲಿ ಬೆಳೆದ ಆಲೂಗಡ್ಡೆಗೆ ಸಿಪ್ಪೆ ತೆಳು, ರುಚಿ ಹೆಚ್ಚು. ಆದರೆ ಅದನ್ನು ಈಚೆಯ ಗೋದಾಮಿಗೆ ತರುವಷ್ಟರಲ್ಲಿ ಲಾಭವೆಲ್ಲ ಕರಗುತ್ತಿತ್ತು.

"ಇನ್ನೊಂದು ವರ್ಷ ನೋಡ್ತೀನಿ. ಸೇತುವೆ ಆಗ್ಲಿಲ್ಲ ಅಂದ್ರೆ ಆ ಹೊಲ ಮಾರಿಬಿಡೋದೇ," ಅಂದ.

ಕ್ಲಾರೀನ್ ಬಕ್‌ವೀಟ್ ಹಿಟ್ಟಿನ ದೋಸೆಯಂಥ ಪ್ಲಾಯ್ ಹುಯ್ಯುತ್ತಿದ್ದಳು. ಕೈ ಅಲ್ಲೇ ನಿಂತಿತು. "ಆ ಹೊಲ ಮಾರ್ತೀಯಾ? ಅದಕ್ಕಿಂತ ನನ್ನನ್ನೇ ಮಾರು."

"ನಿನ್ನನ್ನ ತಗೊಳ್ಳೋರು ಸಿಗಬೇಕಲ್ಲ."

ಅಷ್ಟರಲ್ಲಿ ಕ್ಲಾರೀನ್‌ಳ ಅಕ್ಕ ಲೊರೆಟ್ ಒಳಗೆ ಬಂದಳು. ಊರಿನ ಮತಗಟ್ಟೆಯಲ್ಲಿ ಮತಪತ್ರ ಕೊಡುವ ಮೇಜಿನ ಹಿಂದೆ ಅವಳು ಎಷ್ಟೋ ವರ್ಷದಿಂದ ಕೂರುತ್ತಾಳೆ. ಬಿಸಿ ಪ್ಲಾಯ್‌ನ ವಾಸನೆ ಎಲ್ಲಿದ್ದರೂ ಅವಳಿಗೆ ಹೇಗೋ ಗೊತ್ತಾಗುತ್ತದೆ.

"ಏನು ಮಾರಾಟ ನಡೀತಿದೆ ಇಲ್ಲಿ?" ಅಂತ ಕೇಳಿ, ಕೇಳುತ್ತಲೇ ತಟ್ಟೆ ಎಳೆದುಕೊಂಡಳು.

ಫಿಲಿಯಾಸ್ ಸೇತುವೆಯ ವಿಷಯ ಮತ್ತೆ ಮೊದಲಿನಿಂದ ಹೇಳಿದ. "ನಾನೇನು ಸುಮ್ನೆ ಕೂತಿಲ್ಲ ಲೊರೆಟ್ ಅಕ್ಕ. ಐದು ವರ್ಷದಿಂದ ನಮ್ಮ ಸೆನೆಟರ್‌ಗೆ ಬರೀತಾನೇ ಇದೀನಿ. ಪ್ರತಿ ಸಲ ಉತ್ತರ ಬರುತ್ತೆ. ದಪ್ಪ ಕಾಗದ, ಚೆಂದದ ಸಹಿ. 'ನಿಮ್ಮ ಅನಿಸಿಕೆ ನಮಗೆ ಅಮೂಲ್ಯ' ಅಂತ."

"ಯಾವ ಸೆನೆಟರ್‌ಗೆ ಬರೆದೆ?"

"ಸೆನೆಟರ್ ಅಂದ್ರೆ ಸೆನೆಟರ್. ವಾಷಿಂಗ್ಟನ್‌ಗೆ."

ಲೊರೆಟ್ ಬೆಣ್ಣೆ ಸವರುತ್ತಿದ್ದ ಚಾಕು ಕೆಳಗಿಟ್ಟು ನಗತೊಡಗಿದಳು. ನಕ್ಕು ನಕ್ಕು ಅವಳ ಕನ್ನಡಕ ಮೂಗಿನ ತುದಿಗೆ ಬಂತು.

"ಅಯ್ಯೋ ಫಿಲಿಯಾಸ್. ಹಲ್ಲುನೋವಿಗೆ ಐದು ವರ್ಷ ಕ್ಷೌರಿಕನ ಅಂಗಡಿ ಮುಂದೆ ಕೂತಿದೀಯಲ್ಲೋ. ಆ ಸೇತುವೆ ಯಾರದು? ರಾಜ್ಯದ್ದು. ರಾಜ್ಯದ ರಸ್ತೆಗೆ ಯಾವ ವರ್ಷ ಎಷ್ಟು ಹಣ ಅಂತ ತೀರ್ಮಾನ ಆಗೋದು ನಮ್ಮ ರಾಜಧಾನಿ ಅಗಸ್ಟಾದಲ್ಲಿ. ಅಲ್ಲೂ ಒಂದು ಸೆನೆಟ್ ಇದೆ. ವಾಷಿಂಗ್ಟನ್‌ಗೆ ಹೋಗೋರು ಇಡೀ ರಾಜ್ಯಕ್ಕೆ ಇಬ್ಬರೇ. ಅಗಸ್ಟಾದಲ್ಲಿ ಕೂರೋರು ಮೂವತ್ತೈದು ಜನ. ರಾಜ್ಯನ ಮೂವತ್ತೈದು ಕ್ಷೇತ್ರ ಮಾಡಿದಾರೆ, ಒಂದೊಂದಕ್ಕೂ ಒಬ್ಬರು. ನಮಗೂ ಒಬ್ಬರಿದಾರೆ."

"ನಮಗಾ? ಯಾರು?"

"ಎರಡು ವರ್ಷಕ್ಕೊಂದ್ಸಲ ನಾನೇ ನಿನ್ನ ಕೈಗೆ ಮತಪತ್ರ ಕೊಡ್ತೀನಿ. ಓದಿದ್ರೆ ತಾನೆ ಗೊತ್ತಾಗೋದು?"

"ಅವನು ಓದೋದೆಲ್ಲಿ ಬಂತು," ಅಂದಳು ಕ್ಲಾರೀನ್. "ಮೇಲಿನ ಒಂದು ಹೆಸರಿಗೆ ಗುರುತು ಹಾಕಿ, ಒಲೆ ಮೇಲೆ ಹಾಲಿಟ್ಟು ಬಂದೋನ ಹಾಗೆ ಆಚೆಗೆ ಓಡಿಬರ್ತಾನೆ."

ಫಿಲಿಯಾಸ್‌ಗೆ ಸ್ವಲ್ಪ ಮುಖಭಂಗವಾಯಿತು. "ಕೆಳಗಿನ ಹೆಸರುಗಳು ಯಾರಿಗೆ ಗೊತ್ತು? ಅವರಿಂದ ಏನಾಗುತ್ತೆ?"

"ಮೇಲಿನೋರಿಗೆ ಬುಲೇ ಹೊಳೆ ಎಲ್ಲಿದೆ ಅಂತಾನೇ ಗೊತ್ತಿಲ್ಲ. ಕೆಳಗಿನೋರು ಅದರಲ್ಲಿ ಮೀನು ಹಿಡಿದಿರ್ತಾರೆ," ಅಂದಳು ಲೊರೆಟ್. "ಸೆನೆಟರ್ ಆಗಬೇಕು ಅಂದ್ರೆ ಇದೇ ಕ್ಷೇತ್ರದಲ್ಲಿ ವಾಸ ಇರಬೇಕು. ಇಪ್ಪತ್ತೈದು ತುಂಬಿರಬೇಕು. ಗೆದ್ದರೆ ಎರಡೇ ವರ್ಷ, ಆಮೇಲೆ ಮತ್ತೆ ನಮ್ಮ ಮುಂದೆ ಬಂದು ನಿಲ್ಲಬೇಕು. ಒಂದೇ ಸಮ ನಾಲ್ಕು ಸಲಕ್ಕಿಂತ ಹೆಚ್ಚು ಆಗೋ ಹಾಗಿಲ್ಲ. ಈಗಿನೋರದು ನಾಲ್ಕೂ ಮುಗೀತು. ಈ ನವೆಂಬರ್‌ನಲ್ಲಿ ಇಬ್ಬರು ಹೊಸಬರು ನಿಂತಿದಾರೆ. ಶನಿವಾರ ಚರ್ಚಿನ ಹಾಲ್‌ನಲ್ಲಿ ಊಟ ಇದೆಯಲ್ಲ, ಅಲ್ಲಿಗೆ ಇಬ್ಬರೂ ಬರ್ತಾರೆ. ಬಂದು ಕೇಳು."

ಶನಿವಾರ ಹಾಲ್‌ನಲ್ಲಿ ಬೇಯಿಸಿದ ಬೀನ್ಸ್, ಹಂದಿಮಾಂಸ, ಕಡುಬಿನಂಥ ಕಂದು ಬ್ರೆಡ್ಡು. ಊಟವಾದ ಮೇಲೆ ಇಸ್ಪೀಟು. ಚುನಾವಣೆಗೆ ನಿಂತಿದ್ದವರಲ್ಲಿ ಒಬ್ಬ ಲಿಯೋ ಶಾಸೆ, ಹಾರ್ಡ್‌ವೇರ್ ಅಂಗಡಿ ಮಗನಿಗೆ ಬಿಟ್ಟು ಆರಾಮಾಗಿದ್ದವನು, ಇಸ್ಪೀಟಿನಲ್ಲಿ ಫಿಲಿಯಾಸ್‌ನ ಜೊತೆಗಾರ. ಇನ್ನೊಬ್ಬಳು ಎಸ್ಟೆಲ್ ಗೆರೆಟ್, ದನದ ಡಾಕ್ಟರ್.

ಫಿಲಿಯಾಸ್ ಇಬ್ಬರನ್ನೂ ಒಂದೇ ಪ್ರಶ್ನೆ ಕೇಳಿದ: ಸೇತುವೆಗೆ ಏನು ಮಾಡ್ತೀರಿ? ಲಿಯೋ ಬೆನ್ನು ತಟ್ಟಿ, "ನೋಡೇ ನೋಡ್ತೀನಿ ಮಾರಾಯ, ನೀನು ಕೇಳಿದ ಮೇಲೆ ಇಲ್ಲ ಅನ್ನೋದುಂಟಾ," ಅಂದ. ಎಸ್ಟೆಲ್ ಮಾತ್ರ, "ಆ ಸೇತುವೆ ಕಂಬದ ಕೆಳಗೆ ಯಾರಾದ್ರೂ ಇಳಿದು ನೋಡಿದಾರಾ? ಮಾಡಿಸ್ತೀನಿ ಅಂತ ಮಾತು ಕೊಡೋಕೆ ನನಗೆ ಗೊತ್ತಿಲ್ಲ. ತಿಳ್ಕೋಬೇಕು," ಅಂದಳು.

ಮರುದಿನ ಊರಿನ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಫಿಲಿಯಾಸ್ ತೀರ್ಪು ಕೊಟ್ಟ. "ಹಸುವಿನ ಬಾಲ ಎತ್ತಿ ನೋಡೋರಿಗೆ ಸೇತುವೆ ಏನು ಅರ್ಥ ಆಗುತ್ತೆ?" ನಾಲ್ವರೂ ನಕ್ಕರು. ಸಣ್ಣ ಊರಿನಲ್ಲಿ ನಾಲ್ಕು ಜನ ನಕ್ಕ ಮಾತು ಅವರ ನಾಲ್ಕು ಮನೆಗಳಲ್ಲೇ ಉಳಿಯುವುದಿಲ್ಲ.

ನವೆಂಬರ್‌ನ ಆ ಮಂಗಳವಾರ ಅವನು ಮತಪತ್ರವನ್ನು ಮೇಲಿನಿಂದ ಕೆಳಗಿನವರೆಗೆ ಓದಿದ. ಹಿಂದೆ ತಿರುಗಿಸಿಯೂ ನೋಡಿದ. ರಾಜ್ಯದ ಸೆನೆಟ್ ಎಂದು ಬರೆದ ಕಡೆ ಲಿಯೋ ಹೆಸರಿನ ಮುಂದಿನ ಖಾಲಿ ವೃತ್ತವನ್ನು ಪೆನ್ನಿನಿಂದ ಪೂರ್ತಿ ತುಂಬಿದ. ಹೊರಗೆ ಬಂದಾಗ ಕ್ಲಾರೀನ್ ಚಳಿಯಲ್ಲಿ ಕಾಲು ಕುಟ್ಟುತ್ತ ನಿಂತಿದ್ದಳು.

"ಒಳಗೆ ನಿದ್ದೆ ಬಂದಿತ್ತಾ?"

"ಓದ್ತಿದ್ದೆ. ನೀನು ಯಾರಿಗೆ ಹಾಕಿದೆ?"

"ಗುಟ್ಟು. ಕೇಳೋ ಹಾಗಿಲ್ಲ."

ಎಣಿಕೆ ಮುಗಿಯಿತು. ಗೆದ್ದವಳು ಎಸ್ಟೆಲ್.

ಫಿಲಿಯಾಸ್ ಎರಡು ದಿನ ಅಂಗಡಿಯ ಕಡೆ ಹೋಗಲಿಲ್ಲ. ಮೂರನೆಯ ದಿನ ಲೊರೆಟ್ ಬಂದು ಒಂದು ಚೀಟಿ ಮೇಜಿನ ಮೇಲಿಟ್ಟಳು. ಅದರಲ್ಲಿ ಎಸ್ಟೆಲ್‌ಳ ಫೋನ್ ನಂಬರ್ ಇತ್ತು.

"ಫೋನ್ ಮಾಡು."

"ಯಾವ ಮುಖ ಇಟ್ಕೊಂಡು ಮಾಡಲಿ? ನಾನು ಅವಳಿಗೆ ವೋಟೇ ಹಾಕಿಲ್ಲ. ಮೇಲಿಂದ ಆ ಬಾಲದ ಮಾತು ಬೇರೆ."

"ಅದು ಅವಳ ಕಿವಿಗೆ ಮುಟ್ಟಿದೆ," ಅಂದಳು ಲೊರೆಟ್, ಒಂದಿಷ್ಟೂ ಕನಿಕರವಿಲ್ಲದೆ. "ಆದ್ರೆ ಕೇಳು. ನೀನು ಯಾರಿಗೆ ಹಾಕಿದೆ ಅನ್ನೋದು ಅವಳಿಗೆ ಗೊತ್ತಾಗೋ ಹಾಗಿಲ್ಲ, ಗೊತ್ತಾದ್ರೂ ಏನೂ ಬದಲಾಗಲ್ಲ. ಗೆಲ್ಲೋವರೆಗೆ ಅವಳು ಅವಳ ಕಡೆಯೋರ ಅಭ್ಯರ್ಥಿ. ಗೆದ್ದ ಮೇಲೆ ಇಡೀ ಕ್ಷೇತ್ರದ ಸೆನೆಟರ್. ಹಾಕಿದೋರಿಗೆ, ಹಾಕದೋರಿಗೆ, ಮನೇಲೇ ಕೂತೋರಿಗೆ ಕೂಡ."

"ನಾಚಿಕೆ ಆಗುತ್ತೆ ಅಕ್ಕ."

"ಹಾಗಾದ್ರೆ ಹೊಲ ಮಾರು. ನಾಚಿಕೆ ಇಟ್ಕೊಂಡು ಬದುಕು."

ಅಕ್ಕ ಹೋದ ಮೇಲೆ ಅವನು ನಂಬರ್ ಒತ್ತಿದ. ಯಾರೋ ಸಹಾಯಕರು ಎತ್ತುತ್ತಾರೆ, ಹೆಸರು ಬರೆದುಕೊಳ್ಳುತ್ತಾರೆ, ಅಲ್ಲಿಗೆ ಮುಗಿಯುತ್ತದೆ ಅಂದುಕೊಂಡಿದ್ದ. ಎತ್ತಿದ್ದು ಎಸ್ಟೆಲ್. ಹಿಂದೆ ಹಸುವೊಂದು ಜೋರಾಗಿ ಕೂಗುತ್ತಿತ್ತು.

"ಬೇಗ ಹೇಳಿ, ಕರು ಅರ್ಧ ಹೊರಗೆ ಬಂದಿದೆ."

ಫಿಲಿಯಾಸ್ ಗಾಬರಿಯಲ್ಲಿ ಹೇಳಬಾರದ್ದನ್ನೇ ಮೊದಲು ಹೇಳಿದ. "ನಾನು ಫಿಲಿಯಾಸ್ ಲಿಜೋಟ್. ನಾನು ನಿಮಗೆ ವೋಟು ಹಾಕಿಲ್ಲ ಡಾಕ್ಟ್ರೇ."

"ನಾನು ಕೇಳಲಿಲ್ಲವಲ್ಲ. ಸೇತುವೆ ವಿಷಯ ತಾನೆ? ಶನಿವಾರ ಬೆಳಿಗ್ಗೆ ಅಲ್ಲೇ ಇರಿ. ಬೂಟು ಹಾಕ್ಕೊಂಡು ಬನ್ನಿ." ಫೋನ್ ಇಡುವ ಮುನ್ನ ಸೇರಿಸಿದಳು. "ಬಾಲದ ಕಡೆ ನಿಂತು ಕೆಲಸ ಮಾಡಿ ನನಗೆ ಅಭ್ಯಾಸ ಇದೆ, ಚಿಂತೆ ಬೇಡ."

ಶನಿವಾರ ಫಿಲಿಯಾಸ್, ಕ್ಲಾರೀನ್ ಇಬ್ಬರೂ ಹೋದಾಗ ಹೊಳೆಯ ಅಂಚಿನಲ್ಲಿ ಹಿಮ ಕಟ್ಟಿತ್ತು. ಎಸ್ಟೆಲ್ ಮೊಣಕಾಲವರೆಗಿನ ರಬ್ಬರ್ ಬೂಟು ಹಾಕಿ ಸೇತುವೆಯ ಕೆಳಗೆ ಇಳಿದಳು. ತುಕ್ಕು ಹಿಡಿದ ತೊಲೆಗಳನ್ನು ಮುಟ್ಟಿ ನೋಡಿದಳು, ಚಿತ್ರ ತೆಗೆದಳು. ಮೇಲೆ ಹತ್ತಿ ಬಂದು ಹೇಳಿದಳು, "ಇದು ದುರಸ್ತಿಯ ಪಟ್ಟಿಯಲ್ಲೇ ಇಲ್ಲ. ಯಾರೂ ಕೇಳಿಲ್ಲ ಅಂತ ರಸ್ತೆ ಇಲಾಖೆಯೋರು ಹೇಳ್ತಾರೆ."

"ನಾನು ಐದು ವರ್ಷ ಕೇಳಿದೆ."

"ಎಲ್ಲಿ?"

"ವಾಷಿಂಗ್ಟನ್‌ನಲ್ಲಿ," ಅಂದಳು ಅವನ ಪರವಾಗಿ ಕ್ಲಾರೀನ್. ಮೂವರೂ ನಕ್ಕರು. ಈ ಸಲ ಫಿಲಿಯಾಸ್‌ನದೇ ದೊಡ್ಡ ನಗು.

"ನಾನು ಒಂದು ಮಸೂದೆ ಇಡ್ತೀನಿ," ಅಂದಳು ಎಸ್ಟೆಲ್. "ಅದರ ಬಗ್ಗೆ ಸಮಿತಿ ಮುಂದೆ ಬಹಿರಂಗ ವಿಚಾರಣೆ ನಡೆಯುತ್ತೆ. ಯಾರು ಬೇಕಾದ್ರೂ ಬಂದು ಮಾತಾಡಬಹುದು. ನೀವು ಬನ್ನಿ. ನಾನು ಹೇಳಿದ್ರೆ ವೋಟಿಗಾಗಿ ಹೇಳ್ತಾಳೆ ಅಂತಾರೆ. ನೀವು ಹೇಳಿದ್ರೆ ಕೇಳ್ತಾರೆ."

"ನಾನಾ? ಸೂಟೇ ಇಲ್ಲ ನನ್ನ ಹತ್ರ."

"ಮದುವೆದು ಇದೆಯಲ್ಲ," ಅಂದಳು ಕ್ಲಾರೀನ್.

"ಅದರ ಗುಂಡಿ ಹಾಕೋಕೆ ಇಬ್ಬರು ಬೇಕು."

ಫೆಬ್ರವರಿಯಲ್ಲಿ ಅವರು ಕತ್ತಲಿರುವಾಗಲೇ ಎದ್ದು ಅಗಸ್ಟಾಗೆ ಹೊರಟರು. ಐದು ಗಂಟೆಯ ದಾರಿ. ಫಿಲಿಯಾಸ್ ಕಾರಿನಲ್ಲಿ ಲೋಡಿನ ಲೆಕ್ಕವನ್ನು ಬಾಯಿಪಾಠ ಮಾಡಿದ. ಸಮಿತಿಯ ಕೋಣೆಯಲ್ಲಿ ಒಬ್ಬೊಬ್ಬರಿಗೆ ಮೂರೇ ನಿಮಿಷ. ಅವನ ಸರದಿ ಬಂದಾಗ ಡೀಸೆಲ್, ಚಾಲಕ, ಕಾಫಿ ಎಲ್ಲ ಸರಾಗವಾಗಿ ಬಂತು. ಕಾಫಿಯ ಮಾತಿಗೆ ಸದಸ್ಯರು ನಕ್ಕರು. ಆದರೆ ಪಟ್ಟಣದ ಕಡೆಯ ಸದಸ್ಯರೊಬ್ಬರು ಕೇಳಿದರು, "ಸ್ವಾಮಿ, ಒಬ್ಬರ ಹೊಲಕ್ಕಾಗಿ ರಾಜ್ಯ ಸೇತುವೆ ಕಟ್ಟಬೇಕಾ?"

ಇದಕ್ಕೆ ಉತ್ತರವನ್ನು ಅವನು ಬಾಯಿಪಾಠ ಮಾಡಿರಲಿಲ್ಲ. ಮನೆಯಲ್ಲಿ ಮಾತಾಡುವ ಹಾಗೆಯೇ ಹೇಳಿದ.

"ಹೊಳೆಯಾಚೆ ಅರವತ್ತು ಮನೆ ಇದೆ ಸ್ವಾಮಿ. ನಮ್ಮ ಊರಿನ ಅಗ್ನಿಶಾಮಕ ಲಾರಿ ಆ ಸೇತುವೆ ಮೇಲೆ ಹೋಗಬಹುದು, ನೀರು ಖಾಲಿ ಇದ್ರೆ. ನೀರು ತುಂಬಿದ್ರೆ ಭಾರ ಹೆಚ್ಚು, ಕೆರೆ ಸುತ್ತಿ ಹೋಗಬೇಕು. ಬೆಂಕಿ ಕಾಯುತ್ತಾ?"

ಸದಸ್ಯರು ಮೊದಲು ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಪ್ರಶ್ನೆ ಕೇಳಿದವರು ತಲೆ ತಗ್ಗಿಸಿ ಏನೋ ಬರೆದುಕೊಂಡರು.

ಹೊರಗೆ ಬಂದಾಗ ಕ್ಲಾರೀನ್ ಅವನ ಕೋಟಿನ ತೋಳು ಹಿಡಿದುಕೊಂಡಳು. "ಮೂವತ್ತೆಂಟು ವರ್ಷದಲ್ಲಿ ನೀನು ಇಷ್ಟು ಚೆನ್ನಾಗಿ ಮಾತಾಡಿದ್ದು ನಾನು ಕೇಳೇ ಇರಲಿಲ್ಲ."

"ನೀನು ನನಗೆ ಮೂರು ನಿಮಿಷ ಮಾತಾಡೋಕೆ ಬಿಟ್ಟಿದ್ದು ಇದೇ ಮೊದಲು."

ಕೆಲಸವೇನೂ ಮರುದಿನವೇ ಆಗಲಿಲ್ಲ. ಎಂಜಿನಿಯರುಗಳು ಬಂದರು, ಅಳೆದರು, ಹೋದರು. ನಡುವೆ ಎರಡು ತಿಂಗಳು ಸುದ್ದಿಯೇ ಇರಲಿಲ್ಲ. ಫಿಲಿಯಾಸ್ ಮತ್ತೆ ಫೋನ್ ಮಾಡಿದ, ಎಸ್ಟೆಲ್ ಮತ್ತೆ ಇಲಾಖೆಗೆ ಹೋದಳು. ಆ ವಸಂತದಲ್ಲಿ ಹೊಲ ಕೊಳ್ಳಲು ಒಬ್ಬ ಬಂದಿದ್ದ, ಬೆಲೆಯೂ ಹೇಳಿದ್ದ. "ಇನ್ನೊಂದು ವರ್ಷ ತಡಿ," ಎಂದು ಕ್ಲಾರೀನ್ ಅವನನ್ನು ಬಾಗಿಲಿನಿಂದಲೇ ಕಳಿಸಿದಳು. ಜೂನ್‌ನಲ್ಲಿ ಮಸೂದೆ ಎರಡೂ ಸದನ ದಾಟಿತು, ಸೇತುವೆ ಪಟ್ಟಿಗೆ ಸೇರಿತು. ಮುಂದಿನ ಬೇಸಿಗೆಯಲ್ಲಿ ಹಳೆಯ ತೊಲೆಗಳನ್ನು ಕಿತ್ತು ಹೊಸವನ್ನು ಕೂರಿಸಿದರು.

ವಾಹನ ಬಿಡುವ ಹಿಂದಿನ ಸಂಜೆ ಊರಿನವರು ಸೇತುವೆಯ ಈ ತುದಿಯಿಂದ ಆ ತುದಿಯವರೆಗೆ ಮೇಜುಗಳನ್ನು ಸಾಲಾಗಿ ಹಾಕಿ ಊಟ ಮಾಡಿದರು. ಕೋಳಿ ಸಾರು, ಪ್ಲಾಯ್, ಸೇಬಿನ ಪೈ. ಯಾರೋ ಪಿಟೀಲು ತಂದಿದ್ದರು. ಮುದುಕಿಯರೂ ಹೆಜ್ಜೆ ಹಾಕಿದರು. ಸೋತ ಲಿಯೋ, ಗೆದ್ದ ಎಸ್ಟೆಲ್ ಒಂದೇ ಮೇಜಿನಲ್ಲಿ ಎದುರುಬದುರು ಕೂತು ಇಸ್ಪೀಟು ಆಡಿದರು. ಲಿಯೋ ಗೆದ್ದ. "ಇದನ್ನಾದ್ರೂ ಬಿಡಮ್ಮ ನನಗೆ," ಅಂದ.

ಅಗ್ನಿಶಾಮಕ ಲಾರಿ ಈಗ ನೀರು ತುಂಬಿಕೊಂಡೇ ಹೊಳೆ ದಾಟುತ್ತದೆ. ಶಾಲೆಯ ಬಸ್ಸೂ ಸುತ್ತಿ ಹೋಗಬೇಕಾಗಿಲ್ಲ. ಫಿಲಿಯಾಸ್‌ನ ನಲವತ್ತು ಎಕರೆ ಫಿಲಿಯಾಸ್‌ನದಾಗಿಯೇ ಉಳಿದಿದೆ. ಕೆರೆ ದಾರಿಯ ಅಂಗಡಿಯವನಿಗೆ ಮಾತ್ರ ಕಾಫಿ ವ್ಯಾಪಾರ ಸ್ವಲ್ಪ ಇಳಿಯಿತು.

ಓದುವವರೇ, ನಿಮ್ಮ ಊರಿನಲ್ಲೂ ಒಂದು ಸೇತುವೆ ಇರಬಹುದು, ಅಥವಾ ಒಂದು ರಸ್ತೆ, ಒಂದು ಶಾಲೆ. ಅದು ಯಾರ ಕೈಯಲ್ಲಿದೆ ಅಂತ ಮೊದಲು ತಿಳಿದುಕೊಳ್ಳಿ. ನಿಮ್ಮ ರಾಜ್ಯ ಸೆನೆಟ್ ಕ್ಷೇತ್ರ ಯಾವುದು, ಯಾರು ನಿಂತಿದ್ದಾರೆ ಅಂತ ಊರಿನ ಕಚೇರಿಯಲ್ಲಿ ಕೇಳಿ, ಹೇಳುತ್ತಾರೆ. ಹೆಸರು ನೋಂದಾಯಿಸಿಲ್ಲವೇ? ಗುರುತು, ವಿಳಾಸ ತೋರಿಸಿದರೆ ಮೇನ್‌ನಲ್ಲಿ ಮತದಾನದ ದಿನವೂ ನೋಂದಾಯಿಸಬಹುದು. ಮತಪತ್ರವನ್ನು ಕೊನೆಯ ಸಾಲಿನವರೆಗೆ ಓದಿ, ತಿರುಗಿಸಿಯೂ ನೋಡಿ. ನಿಮಗೆ ಬೇಕಾದವರಿಗೆ ಮತ ಹಾಕಿ. ಅವರು ಸೋತರೆ ಗೆದ್ದವರಿಗೆ ಫೋನ್ ಮಾಡಿ. ಫಿಲಿಯಾಸ್ ತಪ್ಪು ವಿಳಾಸಕ್ಕೆ ಬರೆದು ಐದು ವರ್ಷ ಕಳೆದುಕೊಂಡ. ಸರಿಯಾದ ನಂಬರಿಗೆ ಫೋನ್ ಮಾಡಿ ಊರಿಗೊಂದು ಸೇತುವೆ ಗಳಿಸಿದ.