ಇಳಿಜಾರಿಗೆ ಮುನ್ನ

ಕಾರಿನ ಹಿಂದಿನ ಚಕ್ರಗಳಿಗೆ ಮರದ ತುಂಡು ಒತ್ತಿಟ್ಟು, ಮುಂದಿನ ಚಕ್ರದ ನಟ್ಟುಗಳನ್ನು ಸಡಿಲಿಸುತ್ತಿದ್ದ ಭಾವನನ್ನು ಬಾಮೈದ ಮೆಲ್ಲಗೆ ತಡೆದ. ಒಳಗೆ ಅಕ್ಕನ ಶವವಿದೆ, ಜನ ಕಾಯುತ್ತಿದ್ದಾರೆ, ಅವಳನ್ನು ಒಯ್ಯಬೇಕಾದ ಕಾರನ್ನೇ ಬಿಚ್ಚುತ್ತ ಕೂತರೆ ನೋಡಿದವರು ಏನಂದಾರು ಎಂದ.

ಭಾವ ಇನ್ನೊಂದು ನಟ್ಟಿಗೆ ಕೈ ಹಾಕಿದ. ಬೆಳಗ್ಗೆ ಬಾಮೈದನ ಕಾರು ಅಂಗಳದಲ್ಲಿ ನಿಲ್ಲುವಾಗ ಅದರ ಬ್ರೇಕು ಕರಕರ ಸದ್ದು ಮಾಡಿತ್ತು. ಸ್ಮಶಾನವಿದ್ದದ್ದು ಕಡಿದಾದ ಇಳಿಜಾರಿನ ಕೆಳಗೆ.

*

ಮದುವೆಯಾದ ಹೊಸತರಲ್ಲಿ ಅದೇ ಇಳಿಜಾರಿನಲ್ಲಿ ಗಂಡ ಹೆಂಡತಿಯಿದ್ದ ಕಾರು ಬ್ರೇಕು ಕೈಕೊಟ್ಟು ಗೋಡೆಗೆ ಗುದ್ದಿತ್ತು. ಭಾವನ ಮೊಣಕಾಲು ಆಮೇಲೆ ಸರಿಹೋಗಲೇ ಇಲ್ಲ. ಬಟ್ಟೆ ಹೊಲಿಯುತ್ತಿದ್ದ ಹೆಂಡತಿ ಗ್ಯಾರೇಜಿನವನ ಬೆನ್ನುಹತ್ತಿ ಬ್ರೇಕು ಪರೀಕ್ಷಿಸುವುದನ್ನು ಕಲಿತು ಬಂದಳು: ಜ್ಯಾಕ್ ಒಂದನ್ನೇ ನಂಬಬಾರದು, ಕಾರಿನ ಕೆಳಗೆ ಕಬ್ಬಿಣದ ಸ್ಟ್ಯಾಂಡ್ ಕೊಟ್ಟ ಮೇಲೇ ಚಕ್ರ ಕಳಚಬೇಕು, ಉಸಿರಿಗೆ ಹೋದರೆ ಕೆಡುಕಾದ ಬ್ರೇಕಿನ ದೂಳನ್ನು ಊದಬಾರದು. ಅಲ್ಲಿಂದಾಚೆ ಕಾರಿನಲ್ಲಿ ಬಂದ ಯಾವ ನೆಂಟರಿಗೂ ಊಟಕ್ಕೆ ಮೊದಲು ಚಕ್ರ ಬಿಚ್ಚಿಸಿಕೊಳ್ಳುವುದು ತಪ್ಪಲಿಲ್ಲ. ಮಕ್ಕಳು ‘ಬ್ರೇಕ್ ಅತ್ತೆ’ ಎಂದು ಹೆಸರಿಟ್ಟರು. ಗಂಡನೂ ನಗುತ್ತಿದ್ದ, ನಗುತ್ತಲೇ ಟಾರ್ಚು ಹಿಡಿಯುತ್ತಿದ್ದ. ಒಮ್ಮೆ ಮಾತ್ರ, ನೆಂಟರ ಮುಂದೆ ಮರ್ಯಾದೆ ತೆಗೆಯಬೇಡ ಎಂದು ಗದರಿದ್ದ.

“ಹೋದ ಮರ್ಯಾದೆ ಹೇಗೋ ಬರುತ್ತೆ. ನಿಮ್ಮ ಇನ್ನೊಂದು ಕಾಲು ಹೋದ್ರೆ ಎಲ್ಲಿಂದ ತರ್ಲಿ?” ಎಂದಿದ್ದಳು.

*

ಸ್ಟ್ಯಾಂಡಿನ ಮೇಲೆ ಕಾರು ಕೂತಿತು. ಚಕ್ರ ಕಳಚಿದಾಗ ಕಂಡ ಡಿಸ್ಕಿನ, ಅಂದರೆ ಬ್ರೇಕಿನ ತಟ್ಟೆಯ, ಅಂಚನ್ನು ಬಾಮೈದ ಮುಟ್ಟಿ, ದಪ್ಪಗೇ ಇದೆಯಲ್ಲ ಎಂದ. ಭಾವ ಅವನ ಬೆರಳು ಹಿಡಿದು ಒಳಕ್ಕೆ ಸರಿಸಿದ. ಸವೆಯದೆ ಉಳಿದಿದ್ದ ಅಂಚಿನ ಏಣಿನಿಂದ ಬೆರಳು ಸವೆದ ತಗ್ಗಿಗೆ ಜಾರಿತು. ಅಳೆಯಬೇಕಾದದ್ದು ಅಲ್ಲಿ. ದಪ್ಪ ಅಳೆಯುವ ಹೆಂಡತಿಯ ಮೈಕ್ರೋಮೀಟರನ್ನು ಕಚ್ಚಿಸಿ, ತಟ್ಟೆ ತಿರುಗಿಸುತ್ತ ಅಲ್ಲಲ್ಲಿ ಅಳೆದ. ತಟ್ಟೆಯ ಮೇಲೇ ಅಚ್ಚೊತ್ತಿದ್ದ ಕನಿಷ್ಠ ದಪ್ಪದ ಮಿತಿ ಇಪ್ಪತ್ತೆರಡು ಮಿಲಿಮೀಟರ್. ಎಲ್ಲಿ ಹಿಡಿದರೂ ಅಳತೆ ಇಪ್ಪತ್ತೊಂದನ್ನು ದಾಟಲಿಲ್ಲ.

“ಇವತ್ತೊಂದಿನ ತಾನೆ ಭಾವ, ನಿಧಾನಕ್ಕೆ ಓಡಿಸ್ತೀನಿ.”

“ಅವಳು ಇದ್ದಿದ್ರೆ ನಿನ್ನನ್ನ ಇದರಲ್ಲಿ ಕೂರಿಸ್ತಿರ್ಲಿಲ್ಲ. ಅವಳನ್ನ ನಾನು ಹೇಗೆ ಕೂರಿಸ್ಲಿ?”

ಬಾಮೈದ ಹಿಂದಿನ ಸೀಟನ್ನೇ ನೋಡುತ್ತ ನಿಂತ. ಬೆಳಗ್ಗೆ ತನ್ನ ಮೊಮ್ಮಗಳನ್ನು ಅಲ್ಲೇ ಮಲಗಿಸಿಕೊಂಡು ಬಂದಿದ್ದ. ಆಮೇಲೆ ಒಳಗೆ ಹೋಗಿ, ಅಕ್ಕನನ್ನು ಹೊತ್ತುಕೊಂಡೇ ಹೋಗೋಣ, ಮೊದಲ ಹೆಗಲು ನನ್ನದು ಎಂದ.

ಭಾವನ ಕುಂಟು ನಡಿಗೆಗೆ ಸರಿಯಾಗಿ ಎಲ್ಲರೂ ಹೆಜ್ಜೆ ಸಣ್ಣದು ಮಾಡಿಕೊಂಡರು. ಇಳಿಜಾರಿನ ನಡುವೆ ಹಿಂದಿನಿಂದ ಜನ ತುಂಬಿದ ಬಸ್ಸೊಂದು ಬಂತು. ಡ್ರೈವರ್ ಹಾರನ್ ಒತ್ತಲಿಲ್ಲ. ಕೆಳಗಿನ ತಿರುವಿನವರೆಗೂ ಆ ದೊಡ್ಡ ಬಸ್ಸು ಬ್ರೇಕಿನಲ್ಲಿ ತಡೆತಡೆದು, ಅವರ ಹಿಂದೆಯೇ, ನಡಿಗೆಯ ವೇಗದಲ್ಲಿ ಇಳಿಯಿತು.