ನನ್ನ ಹೆಸರಿನ ಮುಂಗುಸಿ

ನನ್ನ ಹೆಸರಲ್ಲಿ ಒಂದು ಮುಂಗುಸಿ ಇದೆ. ಬೇರೆ ಗಂಡಂದಿರು ಒಡವೆ ಕೊಡಿಸಿದರೆ, ನನ್ನ ಯಜಮಾನರು ಇಪ್ಪತ್ತು ವರ್ಷದ ಹಿಂದೆ ಹೊಸ ಜಾತಿಯ ಮುಂಗುಸಿ ಕಂಡುಹಿಡಿದು ಅದಕ್ಕೆ ನನ್ನ ಹೆಸರಿಟ್ಟರು. ಅವರು ಸತ್ತ ಪ್ರಾಣಿಗಳ ಚರ್ಮ, ಬುರುಡೆ ಕಾದಿಡುವ ಸಂಗ್ರಹಾಲಯದ ಮುಖ್ಯಸ್ಥರು. ನಾನು ಅಲ್ಲೇ ತಲೆಬುರುಡೆ ಬೇಯಿಸಿ ಮಾಂಸ ಬಿಡಿಸುವವಳು. ಆ ಹೆಸರಿನಿಂದ ನಾನು ಬೀಗಿದ್ದು ಅಷ್ಟಿಷ್ಟಲ್ಲ.

ಮೊನ್ನೆ ಹಳೇ ಬೀರು ಖಾಲಿ ಮಾಡುವಾಗ ಪುನುಗು ಬೆಕ್ಕಿನ ಖಾನೆಯಲ್ಲಿದ್ದ ಬುರುಡೆಯೊಂದು ಕೈಗೆ ಬಂತು. ಬೆಳೆದ ಮುಂಗುಸಿಗೆ ಕಣ್ಣಿನ ಗುಳಿಯ ಹಿಂದೆ ಮೂಳೆ ಕೂಡಿಕೊಂಡು ಬಳೆಯ ಹಾಗೆ ಸುತ್ತಿರುತ್ತದೆ. ಪುನುಗಿಗೆ ಅಲ್ಲಿ ತೆರೆದೇ ಇರುತ್ತದೆ. ಈ ಪುನುಗಿಗೆ ಬಳೆ ಕೂಡಿತ್ತು! ಯಜಮಾನರು ಹೊಸ ಜಾತಿ ಎಂದು ಸಾರಿದ್ದೇ ನನ್ನ ಮುಂಗುಸಿಗೆ ಆ ಬಳೆ ಇಲ್ಲ ಎಂಬ ಕಾರಣಕ್ಕೆ.

ನನ್ನ ಮುಂಗುಸಿಯ ಬುರುಡೆಯನ್ನೂ ತಂದು ಪಕ್ಕದಲ್ಲಿಟ್ಟೆ. ಎರಡರ ಚೀಟಿಯಲ್ಲೂ ಒಂದೇ ದಿನಾಂಕ. ಅವತ್ತು ಪಾತ್ರೆ ಸಾಲದೆ ಎರಡು ಬುರುಡೆಯನ್ನೂ ಒಟ್ಟಿಗೆ ಬೇಯಿಸಿದ್ದೆ. ದಾರ ಕಳಚಿ ಚೀಟಿಗಳು ತೇಲಿದ್ದವು. ಆಗಿನ್ನೂ ಕೆಲಸಕ್ಕೆ ಹೊಸಬಳು, ಬೈಸಿಕೊಳ್ಳುವ ಭಯಕ್ಕೆ ಅಂದಾಜಿನ ಮೇಲೆ ಕಟ್ಟಿಬಿಟ್ಟೆ. ನಾನು ಕಟ್ಟಿದ ಚೀಟಿಯನ್ನು ಅವರು ಕಣ್ಣುಮುಚ್ಚಿ ನಂಬಿದರು.

ಎರಡೂ ಬುರುಡೆ ಒಯ್ದು ಅವರ ಮೇಜಿನ ಮೇಲಿಟ್ಟೆ.

"ರೀ, ನನ್ನ ಹೆಸರಿನ ಮುಂಗುಸಿ ಜಾತಿಯೇ ಇಲ್ಲ. ಚರ್ಮ ಮಾಮೂಲಿ ಮುಂಗುಸೀದು, ಬುರುಡೆ ಪುನುಗಿಂದು. ಚೀಟಿ ಅದಲು ಬದಲು ಮಾಡಿದ್ದು ನಾನು."

ಅವರು ತಿರುಗಿಸಿ ತಿರುಗಿಸಿ ನೋಡಿದರು. ಮುಖ ಸಪ್ಪಗಾಯಿತು. "ಮುಂದಿನ ತಿಂಗಳು ನಿವೃತ್ತಿ ಕಣೇ. ಇಷ್ಟು ವರ್ಷ ಯಾರೂ ಕೇಳಿಲ್ಲ. ಸುಮ್ನೆ ಇದ್ಬಿಡು."

"ಯಾರೂ ಕೇಳ್ಲಿಲ್ಲ ಅಂದ್ರೆ ಪುನುಗು ಮುಂಗುಸಿ ಆಗ್ಬಿಡುತ್ತಾ? ತಿದ್ದುಪಡಿ ಬರೀರಿ. ನಗೋರು ನಗಲಿ, ತಪ್ಪು ನನ್ನ ಮೇಲೇ ಹಾಕಿ."

"ನಗೋರ ಚಿಂತೆ ಯಾರಿಗೆ? ನಿನ್ನ ಹೆಸರನ್ನ ನನ್ನ ಕೈಯಾರೆ ಹೇಗೆ ಅಳಿಸಲಿ?"

ನನಗೆ ಸಂಕಟವಾಯಿತು. ಆದರೂ ಹಠ ಬಿಡಲಿಲ್ಲ. ಕುರ್ಚಿ ಎಳೆದುಕೊಂಡು ಅವರ ಪಕ್ಕ ಕುಳಿತು ಪೆನ್ನು ತೆಗೆದೆ. ಅವರು ಹೇಳುತ್ತಾ ಹೋದರು, ನಾನು ಬರೆದೆ. ಹೆಸರು ಬರುವಲ್ಲಿ ಅವರ ದನಿ ನಿಂತುಹೋಯಿತು. ನಾನೇ ನನ್ನ ಹೆಸರು ಬರೆದು, 'ಇಂಥ ಪ್ರಾಣಿ ಇಲ್ಲ' ಎಂದು ಮುಗಿಸಿದೆ.

ಅವರು ಸಹಿ ಹಾಕಿ ಕಾಗದವನ್ನು ನನ್ನತ್ತ ಸರಿಸಿದರು. "ಕಂಡುಹಿಡಿದವಳು ನೀನು. ಕೆಳಗೆ ನೀನೂ ಹಾಕು."

ಅಷ್ಟು ವರ್ಷ ದುಡಿದ ಸಂಗ್ರಹಾಲಯದ ಕಾಗದಕ್ಕೆ ನಾನು ಹಾಕಿದ ಮೊದಲ ಸಹಿ ಅದು.